ಹೊಸಿಲಾಚೆಯಿಂದ ಹೇಳಿಕೊಟ್ಟ ಟಾಫಿ

“ಟೀಚರ್, ನೀವು ಅಲ್ಲೇ ಬಾಗಿಲದಾಗ ನಿಂತು ಹೇಳ್ರಿ, ನಾ ಮಾಡ್ತೀನಿ. ಅಡಗಿಮನ್ಯಾಗ ದೇವರ ಜಗಲಿ ಅದರಿ.”

ರಂಗಂಪೇಟೆಯ ನಮ್ಮ ಪಕ್ಕದ ಮನೆಯಾಕೆ ಹೀಗೆಂದಾಗ, ಎತ್ತಿದ ಕಾಲನ್ನು ಹೊಸಿಲಿನ ಹೊರಗೇ ಇಟ್ಟೆ. ನನ್ನ ಮಗಳ ಹುಟ್ಟುಹಬ್ಬಕ್ಕೆ ನಾನು ಮಾಡಿದ್ದ, ಮೇಲೆ ಚಾಕೊಲೇಟ್ ಹಚ್ಚಿದ ಟಾಫಿಯನ್ನು ಆಕೆಯ ಮಗಳು ಬೆರಳು ನೆಕ್ಕಿ ತಿಂದಿದ್ದಳು. ಕಲಿಸಿಕೊಡಿ ಎಂದು ಕರೆದವಳೂ ಈಕೆಯೇ. ನಾವು ಈಗ ಬೌದ್ಧರು, ಆದರೆ ಮೊದಲು ಯಾವ ಕೇರಿಯವರು ಎಂಬುದು ಓಣಿಗೆಲ್ಲ ಗೊತ್ತು.

ಸಕ್ಕರೆ, ಬೆಣ್ಣೆ ಹಾಕಿ ಕೈಬಿಡದೆ ತಿರುವಲು ಹೊರಗಿನಿಂದಲೇ ಹೇಳಿದೆ. ಪಾಕದ ಬಣ್ಣ ನನಗೆ ಕಾಣುತ್ತಿರಲಿಲ್ಲ. ಸೀದ ವಾಸನೆ ಬಂತು. “ಇಳಸ್ರಿ, ಹೊತ್ತಾಕತ್ತದ!” ಎಂದು ಕೂಗುವಷ್ಟರಲ್ಲಿ ಕರ್ರಗಾಗಿತ್ತು. ಆಕೆ ಅದರ ಮೇಲೆಯೇ ಚಾಕೊಲೇಟ್ ಸುರಿದು, ಆರಿದ ಮೇಲೆ ಒಂದು ತುಂಡನ್ನು ಪೇಪರಿನಲ್ಲಿ ಸುತ್ತಿ, ತಾಕದಂತೆ ಮೇಲಿನಿಂದ ನನ್ನ ಕೈಗೆ ಹಾಕಿದಳು.

“ಕಹಿ ಆಗ್ಯದ. ನೀವು ಸರಿಯಾಗಿ ಹೇಳಲಿಲ್ಲ ನೋಡ್ರಿ.”

ಮರುವಾರ ಮತ್ತೆ ಕರೆದಳು. “ಈ ಸಲ ನೀವೇ ನಮ್ಮನಿಗೆ ಬರ್ರಿ, ಒಲಿ ಮುಂದ ನಿಂತು ಕಲೀರಿ” ಎಂದೆ. ಆಕೆ ಬರಲಿಲ್ಲ. ದಿನಾ ಆಡಲು ಬರುತ್ತಿದ್ದ ಆಕೆಯ ಮಗಳೂ ಈಗ ಬರುವುದಿಲ್ಲ.