ಈರಣ್ಣನ ವರದಿಯ ಎರಡನೇ ಸಾಲು

1997ರಲ್ಲಿ ಪುಣೆ ಸ್ಟೇಶನ್ ಹತ್ತಿರ ನನ್ನದೊಂದು ಸಣ್ಣ ಪೆಥಾಲಜಿ ಲ್ಯಾಬ್ ಇತ್ತು. ರೋಗಿಯ ದೇಹದಿಂದ ತೆಗೆದ ಅಂಗಾಂಶದ ಚೂರನ್ನು ಮೈಕ್ರೋಸ್ಕೋಪಿನಡಿ ನೋಡಿ ಕಾಯಿಲೆ ಏನೆಂದು ಬರೆಯುವುದು ನನ್ನ ಕೆಲಸ. ಇದು ನಡೆದದ್ದು ಮಾರ್ಚ್‌ನಲ್ಲಿ ಎಂದು ನೆನಪು. ಆ ನೆನಪಿಗೆ ಎಷ್ಟು ಬೆಲೆ ಎಂಬುದು ಮುಂದೆ ತಿಳಿಯುತ್ತದೆ.

ಬಯಾಪ್ಸಿಯ ಚೂರನ್ನು ಆಸ್ಪತ್ರೆಯಿಂದ ಲ್ಯಾಬಿಗೆ ತರುವುದು ಆಗೆಲ್ಲ ಮನೆಯವರದೇ ಜವಾಬ್ದಾರಿ. ಹಾಗೆ ಚೂರು ಕೆಡದಂತಿಡುವ ಫಾರ್ಮಲಿನ್ ದ್ರಾವಣದ ಬಾಟಲಿಯನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಂದವರು ಶಾಂತವ್ವ, ಬಿಜಾಪುರದ ಕಡೆಯವರು. ಗಂಡ ಈರಣ್ಣ ಪುಣೆ ಜಿಲ್ಲೆಯ ಕುರಕುಂಭದ ಒಂದು ಕಾರ್ಖಾನೆಯಲ್ಲಿ ರಾಸಾಯನಿಕ ದ್ರಾವಕದ ಡ್ರಮ್ ತೊಳೆಯುತ್ತಿದ್ದ. ಲಿವರ್ ಊದಿಕೊಂಡು ಆಸ್ಪತ್ರೆ ಸೇರಿದ್ದ.

ಬಾಟಲಿಯ ಜೊತೆಗಿದ್ದ ಚೀಟಿಯಲ್ಲಿ ‘ದಿನವೂ ಮದ್ಯಪಾನ’ ಎಂದಿತ್ತು. ಬರೆದವನು ಶ್ರೀಕಾಂತ. ನಾವಿಬ್ಬರೂ ಧಾರವಾಡದಿಂದ ಬಂದು ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಐದು ವರ್ಷ ಒಂದೇ ಕೋಣೆಯಲ್ಲಿದ್ದೆವು. ಈಗ ಅವನು ಹೆಸರಾಂತ ಫಿಸಿಶಿಯನ್.

“ಎಷ್ಟು ವರ್ಷದಿಂದ ಕುಡೀತಾರ?” ಎಂದು ಶಾಂತವ್ವನನ್ನು ಕೇಳಿದೆ.

“ಏನ್ ಕುಡೀತಾರ್ರಿ? ಎರಡನೇ ಕಪ್ ಚಹಾ ಕೊಟ್ರ ನಿದ್ದಿ ಬರೂದಿಲ್ಲ ಅಂತ ಬೈತಾರ. ಅಂಗೀಗೆ ಭಾಳ ವಾಸನಿ ಬರ್ತದ್ರಿ, ಆದ್ರ ಅದು ಡ್ರಮ್ಮಿಂದು.”

ಮರುದಿನ ಸ್ಲೈಡ್ ನೋಡಿದೆ. ಲಿವರಿನ ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ತುಂಬಿದ್ದವು. ಅಲ್ಲಲ್ಲಿ ಕೋಶಗಳು ಸತ್ತಿದ್ದವು. ಮದ್ಯ ಇದನ್ನು ಮಾಡುತ್ತದೆ, ಕೆಲವು ದ್ರಾವಕಗಳೂ ಮಾಡುತ್ತವೆ. ಯಾವುದು ಮಾಡಿತು ಎಂದು ಸ್ಲೈಡ್ ಹೇಳುವುದಿಲ್ಲ. ರೋಗಿಯನ್ನು ಕೇಳಿಯೇ ತಿಳಿಯಬೇಕು. ಹಾಗಾಗಿ ಲ್ಯಾಬಿನ ರಿಜಿಸ್ಟರಿನಲ್ಲಿ ಎರಡು ಸಾಲು ಬರೆದೆ. ಮೊದಲನೆಯದು, ಮದ್ಯದಿಂದ ಆಗಿರಬಹುದು. ಎರಡನೆಯದು, ದ್ರಾವಕದಿಂದಲೂ ಆಗಿರಬಹುದು. ಖಚಿತವಾಗುವವರೆಗೆ ರೋಗಿಯನ್ನು ಆ ಕೆಲಸದಿಂದ ದೂರವಿಡಬೇಕು ಎಂದೂ ಅದರಲ್ಲೇ ಇತ್ತು. ಅಷ್ಟರಲ್ಲಿ ಶ್ರೀಕಾಂತನ ಫೋನ್ ಬಂತು. ಶಾಂತವ್ವ ಹೇಳಿದ್ದನ್ನೂ ನಾನು ಬರೆದ ಎರಡನೇ ಸಾಲನ್ನೂ ತಿಳಿಸಿದೆ.

“ಎಲ್ಲಾ ಹೆಂಡರೂ ಹಾಂಗ ಹೇಳ್ತಾರೋ, ಮಾರಾಯ,” ಎಂದು ನಕ್ಕ. “ಪೇಶಂಟ್ ಹಿಸ್ಟರಿ ನಂದು, ಸ್ಲೈಡ್ ನಿಂದು. ನಿನ್ನ ಕೆಲಸ ನೀ ಮಾಡು.”

ನಾನೂ ನಕ್ಕು ಫೋನ್ ಇಟ್ಟೆ. ಪದ್ಧತಿಯಂತೆ ವರದಿ ಲಕೋಟೆಯಲ್ಲಿ ಅವನಿಗೇ ಹೋಯಿತು.

ಮೂರು ತಿಂಗಳ ಮೇಲೆ ಶಾಂತವ್ವ ಮತ್ತೆ ಬಂದರು. ಕೈಯಲ್ಲಿ ಚೀಲವಿರಲಿಲ್ಲ, ನನ್ನ ವರದಿಯ ಝೆರಾಕ್ಸ್ ಇತ್ತು. ಈರಣ್ಣನಿಗೆ ಬೇರೆ ಕೆಲಸ ಕೊಡಿ ಎಂದು ಕಾರ್ಖಾನೆಯವರನ್ನು ಕೇಳಿದಾಗ ಅವರು ಇದನ್ನು ತೋರಿಸಿದ್ದರು. ಮತ್ತೆ ಅದೇ ಡ್ರಮ್ ತೊಳೆಸಿದ್ದರು. ಈಗ ಕಣ್ಣು ಅರಿಶಿನದಂತಾಗಿ ಅವನು ಎರಡನೇ ಸಲ ವಾರ್ಡಿನಲ್ಲಿದ್ದ.

“ಕುಡದು ಕೆಡಿಸ್ಕೊಂಡಾನ ಅಂತ ನೀವ ಸಹಿ ಮಾಡೀರಂತಲ್ರಿ. ನಾ ನಿಮ್ಮ ಮುಂದ ನಿಂತು ಹೇಳಿದ್ದು ಗಾಳಿಗೆ ಹೋತೇನ್ರಿ?”

ವರದಿಯಲ್ಲಿ ಎರಡನೇ ಸಾಲು ಇರಲಿಲ್ಲ. ಅದರ ಹಿಂದೆ ಪಿನ್ ಮಾಡಿದ್ದ ‘ಕೆಲಸಕ್ಕೆ ಯೋಗ್ಯ’ ಎಂಬ ಪ್ರಮಾಣಪತ್ರದ ಕೆಳಗೆ ಶ್ರೀಕಾಂತನ ಸಹಿ, ಸಹಿಯ ಕೆಳಗೆ ಕಾರ್ಖಾನೆಯ ವೈದ್ಯಾಧಿಕಾರಿ ಎಂಬ ಮೊಹರು. ಅವನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಐದು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನು ನನಗೆ ಇಷ್ಟನ್ನು ಹೇಳಿರಲಿಲ್ಲ. ಶಾಂತವ್ವನೆದುರೇ ಅವನಿಗೆ ಫೋನ್ ಮಾಡಿದೆ.

“ಆ ಸಾಲು ತಗದವ ನೀನ,” ಎಂದ. ದನಿಯಲ್ಲಿ ಗಾಬರಿಯೇ ಇರಲಿಲ್ಲ. “ರಿಜಿಸ್ಟರ್ ನೋಡ್ಕೋ.”

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಬರೆದದ್ದನ್ನು ತಿದ್ದಬೇಕಾದರೆ ಗೀಚಿ ಮುಚ್ಚಬಾರದು. ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ರಿಜಿಸ್ಟರ್ ತೆಗೆದೆ. ಎರಡನೇ ಸಾಲು ಇತ್ತು. ಅದರ ಮೇಲೆ ನೇರವಾದ ಒಂದು ಗೆರೆ. ಪಕ್ಕದಲ್ಲಿ ನನ್ನ ಸಹಿ.

ಆ ದಿನ ಫೋನಿಟ್ಟು ಬಂದವರೇ ಆ ಸಾಲು ಬಿಟ್ಟು ಟೈಪ್ ಮಾಡು ಎಂದಿರಿ ಸರ್ ಎಂದು ಟೈಪಿಸ್ಟ್ ಲತಾ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ಅಷ್ಟು ಮರಾಠಿ ಶಾಂತವ್ವನಿಗೂ ಅರ್ಥವಾಯಿತು. ನನಗೆ ನಕ್ಕದ್ದು ನೆನಪಿತ್ತು, ಗೆರೆ ಎಳೆದದ್ದು ಇರಲಿಲ್ಲ. ಇಂದಿಗೂ ಇಲ್ಲ.

ಯಾವುದನ್ನೂ ಸುಲಭಕ್ಕೆ ನಂಬಬೇಡ ಎಂದು ನನಗೆ ವಿಶ್ವವಿದ್ಯಾಲಯ ಕಲಿಸಿತ್ತು. ನಾನು ಅನುಮಾನಿಸಿದ್ದು ಡಬ್ಬಿಯ ಚೀಲ ಹಿಡಿದು ಬಂದವಳನ್ನು. ಗೆಳೆಯನ ಕೈಬರಹವನ್ನು ಒಂದು ನಿಮಿಷವೂ ಅನುಮಾನಿಸಲಿಲ್ಲ. ಶ್ರೀಕಾಂತ ನನಗೆ ಮೋಸ ಮಾಡಿದ, ನಿಜ. ಆದರೆ ಈರಣ್ಣನಿಗೆ ಮೋಸವಾದದ್ದು ನನ್ನ ಪೆನ್ನಿನಿಂದ.

ಸ್ಲೈಡನ್ನು ಮತ್ತೆ ನೋಡಿ, ಮೊದಲ ವರದಿಯಲ್ಲಿ ತಪ್ಪಾಗಿದೆ ಎಂದು ನಮೂದಿಸಿ, ಹೊಸ ವರದಿ ಸಿದ್ಧಪಡಿಸಿದೆ. ಈ ಸಲ ಲಕೋಟೆಯನ್ನು ವೈದ್ಯರಿಗೆ ಕಳಿಸದೆ ಶಾಂತವ್ವನ ಕೈಗೇ ಕೊಟ್ಟೆ. ಅದನ್ನು ಹಿಡಿದು ಅವರು ನಾಲ್ಕು ಸಲ ಕಾರ್ಖಾನೆಗೆ ಅಲೆದರು. ಕೊನೆಗೆ ಈರಣ್ಣನಿಗೆ ಗೇಟಿನ ಕೆಲಸ ಸಿಕ್ಕಿತು. ಜೀವ ಉಳಿಯಿತು. ಸತ್ತ ಕೋಶಗಳ ಜಾಗದಲ್ಲಿ ಗಾಯದ ಕಲೆಯಂಥ ನಾರು ಮಾತ್ರ ಲಿವರಿನಲ್ಲಿ ಉಳಿದುಕೊಂಡಿತು.

ಆಮೇಲೆ ನಿವೃತ್ತಿಯವರೆಗೂ, ಬಾಟಲಿ ತಂದವರನ್ನು ಕೂರಿಸಿ ರೋಗಿಯ ಕೆಲಸವೇನು ಎಂದು ಕೇಳಿ, ಅವರ ಮಾತಿನಲ್ಲೇ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅದನ್ನು ನನಗೆ ಕಲಿಸಿದ್ದು ಹೊಸ ವರದಿ ಕೊಟ್ಟ ದಿನ. ಇಂಗ್ಲಿಷಿನಲ್ಲಿದ್ದ ಅದನ್ನು ಶಾಂತವ್ವ ತಿರುವಿ ನೋಡಿದರು.

“ಈ ಸಲ ಆ ಸಾಲು ಅದ ಏನ್ರಿ?”

“ಅದ. ಓದಿ ಹೇಳ್ತೀನಿ, ಕೊಡ್ರಿ.”

“ನೀವು ಬ್ಯಾಡ್ರಿ,” ಎಂದು ಅವರು ಕಾಗದವನ್ನು ಲತಾಳ ಮೇಜಿನ ಮೇಲಿಟ್ಟು ಹರಕುಮುರುಕು ಮರಾಠಿಯಲ್ಲಿ ಹೇಳಿದರು. “ತಾಯಿ, ನೀ ಓದಿ ಹೇಳು.”