ನಾನು ಗುಡಿಸಿ ಎಸೆದ ಸಣ್ಣ ಕಲ್ಲುಗಳು

ಎಂಟು ಸಮಾಧಿಗಳ ಮೇಲಿದ್ದ ಸಣ್ಣ ಕಲ್ಲುಗಳನ್ನೆಲ್ಲ ಗುಡಿಸಿ ಬೇಲಿ ಪಕ್ಕದ ತಗ್ಗಿಗೆ ಹಾಕಿದೆ. ಕಸ ಅಂದುಕೊಂಡೆ.

ಡಾಲಸ್‌ನಿಂದ ಹ್ಯೂಸ್ಟನ್ ಕಡೆ ಹೋಗುವ ದಾರಿಯಲ್ಲಿ ಯಹೂದಿಗಳ ಒಂದು ಹಳೇ ಸ್ಮಶಾನವಿದೆ. ಅವರೆಲ್ಲ ದೊಡ್ಡ ಊರು ಸೇರಿದ ಮೇಲೆ ಕೇಳುವವರಿಲ್ಲ. ಬೇಲಿ ಮುರಿದಿದೆ, ಸೊಂಟದೆತ್ತರ ಹುಲ್ಲು, ಅರ್ಧಕ್ಕರ್ಧ ಕಲ್ಲು ನೆಲ ಕಚ್ಚಿವೆ.

ಅಲ್ಲಿ ಬಿದ್ದ ಕಲ್ಲುಗಳನ್ನು ಸರಿ ಮಾಡಲು ನನ್ನನ್ನು ಕರೆದವರು ರೂತ್. ಎಂಬತ್ತು ದಾಟಿದ ಹೆಂಗಸು. ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ನನ್ನ ಗ್ರಾನೈಟ್ ಅಂಗಡಿ ಇದ್ದಾಗ ಅವರ ಅಡುಗೆಮನೆಗೆ ಕಲ್ಲು ಕೂರಿಸಿದ್ದೆ. ಅವರ ಅಜ್ಜಿಯ ಸಮಾಧಿ ಅಲ್ಲೇ ಎಲ್ಲೋ ಇದೆಯಂತೆ, ಎಷ್ಟು ಹುಡುಕಿದರೂ ಸಿಕ್ಕಿಲ್ಲವಂತೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಇಳಕಲ್ಲಿನಲ್ಲಿ ಅಪ್ಪನ ಜೊತೆ ಉಳಿ ಹಿಡಿದವನು. ಕಲ್ಲಿನ ಕೆಲಸಕ್ಕೆ ಇಲ್ಲ ಅನ್ನಲು ಬಾಯಿ ಬರಲ್ಲ.

ಹೆಂಡತಿ ಮಾತ್ರ, "ಸ್ಮಶಾನಕ್ಕ ಹೋಗಿ ಹಂಗ ಒಳಗ ಬಂದ್‌ಗಿಂದೀರಿ ಮತ್ತ. ಗ್ಯಾರೇಜಿನ್ಯಾಗ ನೀರ ಹಾಕ್ಕೊಂಡ ಬರ್ರಿ," ಅಂದಳು.

ನಾನು ಗುಡಿಸಿ ಮುಗಿಸುವಷ್ಟರಲ್ಲಿ ರೂತ್ ಬಂದರು. ಬೋಳು ಸಮಾಧಿಗಳನ್ನು ನೋಡಿ, ಇಲ್ಲಿದ್ದ ಕಲ್ಲುಗಳೆಲ್ಲಿ ಅಂದರು. ಆಮೇಲೆ ಹೇಳಿದರು… ಅವರಲ್ಲಿ ಹೂವಿನ ಬದಲು ಕಲ್ಲಿಡುತ್ತಾರಂತೆ. ಒಂದು ಕಲ್ಲು ಅಂದರೆ ಒಬ್ಬರು ಬಂದು ಹೋದ ಗುರುತು.

ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ. ಸಿಟ್ಟೆಲ್ಲ ನನ್ನ ಮೇಲೇ ಬಂತು.

ತಗ್ಗಿಗೆ ಇಳಿದೆ. ಮೊಣಕಾಲೂರಿ, ಹುಲ್ಲು ಸರಿಸಿ, ಒಂದೊಂದೇ ಆರಿಸಿದೆ. ಯಾವುದು ಯಾರದೋ, ದೇವರಿಗೇ ಗೊತ್ತು.

ಆರಿಸುತ್ತಿದ್ದಾಗ ಕೈಗೆ ಗಟ್ಟಿಯಾಗಿ ಏನೋ ತಗುಲಿತು. ಅಂಚು ಸವರಿದೆ. ಅದು ತಾನಾಗಿ ಒಡೆದ ಕಲ್ಲಲ್ಲ, ಉಳಿ ಬಿದ್ದ ಕಲ್ಲು. ಉರುಳಿ ಬಂದು ಮಕಾಡೆ ಬಿದ್ದು ಮಣ್ಣಲ್ಲಿ ಹೂತಿದೆ.

ಹೆಸರಿಗಷ್ಟೇ ಉಳಿದಿರುವ ಸ್ಮಶಾನದ ಕಮಿಟಿಯವನೊಬ್ಬ ರೂತ್ ಜೊತೆ ಬಂದಿದ್ದ. ಎತ್ತಬೇಡಿ, ಮುರಿದರೆ ಯಾರು ಜವಾಬ್ದಾರಿ ಅಂದ. ನನ್ನ ಹರುಕು ಇಂಗ್ಲಿಷಿನಲ್ಲೇ ಹೇಳಿದೆ, "ಮುರಿದರೆ ನಾನು. ಹೀಗೇ ಬಿಟ್ಟರೆ ನೀನು."

ಅವನು ತಗ್ಗಿನ ಅಂಚಿನಿಂದ ಹಿಂದೆ ಸರಿದ.

ಮುಂದಿನ ಭಾನುವಾರ ಚೈನ್ ಪುಲ್ಲಿ, ಹಗ್ಗ, ಹಲಗೆ ಹಾಕಿಕೊಂಡು ಹೋದೆ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಎದ್ದಿತು. ಮಣ್ಣು ತೊಳೆದೆ. ಮಳೆ ಬಿಸಿಲು ಕಾಣದ ಮುಖ, ಅಕ್ಷರಗಳು ನಿನ್ನೆ ಕೆತ್ತಿದ ಹಾಗಿವೆ.

ಹೀಬ್ರೂ. ನನಗೆ ಅದರಲ್ಲಿ ಒಂದಕ್ಷರ ಓದಲು ಬರಲ್ಲ. ಕೆತ್ತಿದವನು ಅವಸರ ಮಾಡಿಲ್ಲ ಅನ್ನುವುದು ಮಾತ್ರ ಗೊತ್ತಾಗುತ್ತದೆ.

ರೂತ್ ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಓದುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ.

"ಇದು ನನ್ನ ಹೆಸರು," ಅನ್ನುತ್ತಾರೆ.

ಅಜ್ಜಿಯ ಹೆಸರನ್ನೇ ಅವರಿಗೆ ಇಟ್ಟಿದ್ದರಂತೆ.

ಆರಿಸಿಟ್ಟ ಕಲ್ಲುಗಳನ್ನೆಲ್ಲ ಆ ಎಂಟು ಸಮಾಧಿಗಳಿಗೆ ವಾಪಸ್ ಹಂಚಿದೆವು. ಅಜ್ಜಿಗೆ ರೂತ್ ಬೇರೆ ಒಂದು ಇಟ್ಟರು. ನಾನೂ ಒಂದು ಇಟ್ಟೆ.

ಹೊರಡುವಾಗ ಅವರು ಗೇಟಿನ ಹತ್ತಿರ ಬಾಟಲಿ ನೀರಲ್ಲಿ ಕೈ ತೊಳೆದರು. ಸ್ಮಶಾನದಿಂದ ಹಾಗೇ ಹೋಗಬಾರದಂತೆ. ಮನೆಗೆ ಬಂದು ಹೇಳಿದೆ, ನನ್ನ ಹೆಂಡತಿ ಕೇಸು ಗೆದ್ದವಳ ಹಾಗೆ ನಕ್ಕಳು.

ಇನ್ನೂ ಹದಿನಾಲ್ಕು ಕಲ್ಲು ಮಕಾಡೆ ಬಿದ್ದಿವೆ. ಅಷ್ಟನ್ನೂ ಎತ್ತಿಯೇ ಬಿಡುವುದು.

ಡಾಲಸ್ ಸುತ್ತಲಿನ ಅಲೆನ್, ರಿಚರ್ಡ್‌ಸನ್‌ನಲ್ಲಿ ಭಾನುವಾರ ಸೋಫಾ ಮೇಲೆ ಬಿದ್ದಿರುವ ನಮ್ಮ ಕನ್ನಡದವರು ಯಾರ್ಯಾರು ಬರುತ್ತೀರಿ? ಪೊರಕೆ ಮಾತ್ರ ತರಬೇಡಿ.