ಒಂದು ಗುಂಡು ಕಡಿಮೆ

ಮೂಡಿಗೆರೆಯ ಅಂಗಡಿಯಲ್ಲಿ ನಾನು ಗುಮಾಸ್ತನಾಗಿದ್ದ ಎರಡು ವರ್ಷ ಮೂರು ತಿಂಗಳಲ್ಲಿ ಒಟ್ಟು ಹದಿನೇಳು ಏರ್‌ಗನ್ ಮಾರಾಟವಾದವು. ಯುದ್ಧ ಶುರುವಾದ ಮೇಲೆ ಹೊರಗಿನ ಮಾಲು ನಿಂತಿದೆ. ಹದಿನೆಂಟನೆಯದು ಸದ್ಯಕ್ಕೆ ಬರುವಂತೆ ಕಾಣುವುದಿಲ್ಲ. ಹಾಗಾಗಿ ಆ ರಿಜಿಸ್ಟರು ಮುಗಿಯಿತೆಂದು ತಿಳಿದು, ಅದರ ಮೊದಲ ತಿಂಗಳುಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಿಜಿಸ್ಟರಿನಲ್ಲಿ ಅಂಕಿಗಳಿವೆ, ಮಾತುಗಳಿಲ್ಲ. ಮಾತುಗಳನ್ನು ನೆನಪಿನಿಂದ ಸೇರಿಸಿದ್ದೇನೆ.

ಅಂಗಡಿ ಒಬ್ಬ ಸಾಹೇಬರದು. ಮುಂದಿನ ಭಾಗದಲ್ಲಿ ಕೊಡೆ, ಲಾಟೀನು, ಬೀಗ, ಕತ್ತಿ. ಒಳಗೆ ಒಂದು ಕಬ್ಬಿಣದ ಬೀರು, ಅದರಲ್ಲಿ ಕೋವಿಯ ಮದ್ದು, ಕೇಪು, ತೋಟಾ. ಕೊಡೆ ಹೋಗುವುದು ಮಳೆಗಾಲದಲ್ಲಿ ಮಾತ್ರ. ಅಂಗಡಿಯನ್ನು ವರ್ಷವಿಡೀ ನಡೆಸುತ್ತಿದ್ದುದು ಆ ಬೀರು. ಬೀರುವಿನ ಲೈಸೆನ್ಸ್ ಪ್ರತಿ ಡಿಸೆಂಬರಿನಲ್ಲಿ ಮುಗಿಯುತ್ತಿತ್ತು. ತಾಲ್ಲೂಕಿನ ಅಮಲ್ದಾರರು ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಒಳ್ಳೆಯ ರಿಪೋರ್ಟು ಕಳಿಸಿದರೆ ಮುಂದಿನ ವರ್ಷವೂ ಅಂಗಡಿ, ಇಲ್ಲದಿದ್ದರೆ ಬರೀ ಕೊಡೆ.

ಅಕ್ಟೋಬರಿನಲ್ಲಿ ಮದರಾಸಿನಿಂದ ಒಂದು ಪೆಟ್ಟಿಗೆ ಬಂತು. ಆರು ಏರ್‌ಗನ್ ಇದ್ದವು. ನಮ್ಮ ಕಡೆಯವರು ಅವಕ್ಕೆ ಗಾಳಿಕೋವಿ ಎಂದು ಹೆಸರಿಟ್ಟರು. ಇವಕ್ಕೂ ಲೈಸೆನ್ಸ್ ಬೇಕೋ ಬೇಡವೋ ಎಂದು ಕೇಳಲು ನಾನೂ ಸಾಹೇಬರೂ ತಾಲ್ಲೂಕು ಕಚೇರಿಗೆ ಹೋದೆವು. ಶಿರಸ್ತೇದಾರರು ಕಾನೂನಿನ ಪುಸ್ತಕ ತೆಗೆದು ನಲವತ್ತು ನಿಮಿಷ ಹುಡುಕಿದರು. ಮದ್ದಿನ ಬಗ್ಗೆ ಬಹಳ ಇತ್ತು. ಗಾಳಿಯ ಬಗ್ಗೆ ಅವರಿಗೆ ಸ್ಪಷ್ಟವಾಗಿ ಏನೂ ಸಿಗಲಿಲ್ಲ. ಕೊನೆಗೆ ಅಮಲ್ದಾರರೇ ಹೊರಗೆ ಬಂದರು.

“ಮಾರ್ಕೊಳ್ಳಿ ಸಾಹೇಬ್ರೇ, ನಾನು ಬೇಡ ಅನ್ನೋಲ್ಲ,” ಎಂದರು. “ಆದ್ರೆ ತೋರಿಸೋವಾಗ ಯಾರದ್ದಾದ್ರೂ ಕಣ್ಣು ಹೋಯ್ತೋ, ನಿಮ್ಮ ಬೀರುವಿನ ವಿಷಯ ಚಿಕ್ಕಮಗಳೂರಿಗೆ ಏನು ಬರೀಬೇಕು ಅಂತ ನಂಗೆ ಗೊತ್ತು. ಹಾರಿಸಿದ ಒಂದೊಂದು ಗುಂಡಿಗೂ ಲೆಕ್ಕ ಇಡಿ. ಡಿಸೆಂಬರಲ್ಲಿ ಬಂದು ನೋಡ್ತೀನಿ.”

ಅಂಗಡಿಯ ಮೆಟ್ಟಿಲು ಹತ್ತುವಾಗ ಸಾಹೇಬರು ನನ್ನ ಕಡೆ ತಿರುಗಿ, “ನೀನು ದಿನಾ ಎಷ್ಟು ಲೋಟ ಚಾ ಕುಡಿದೆ ಅಂತಾನೂ ಬರ್ಕೊಳ್ಳೋನು. ಇದೂ ನಿಂದೇ,” ಎಂದರು. ಹೀಗೆ ರಿಜಿಸ್ಟರು ನನ್ನ ಪಾಲಿಗೆ ಬಂತು.

ಅಂಗಡಿಯ ಹಿಂದೆ ಗುಡ್ಡ ಕಡಿದು ಉಳಿದ ಆಳೆತ್ತರದ ಮಣ್ಣಿನ ಧರೆ ಇತ್ತು. ಅದರ ಎದುರಿಗೆ ಕಾಫಿ ಹೊಟ್ಟು ತುಂಬಿದ ಅಗಲವಾದ ಗೋಣಿಚೀಲ ನಿಲ್ಲಿಸಿದೆ. ಚೀಲದ ಮುಂದೆ ಗುರಿಗೆ ಒಂದು ಡಬ್ಬಿಯ ಮುಚ್ಚಳ ತೂಗುಬಿಟ್ಟೆ. ಗುಂಡು ಮುಚ್ಚಳಕ್ಕೆ ತಗಲಿದರೂ ತಪ್ಪಿದರೂ ಅಲ್ಲೇ ಚೀಲದಲ್ಲೋ ಅದರ ಬುಡದಲ್ಲೋ ಉಳಿಯುತ್ತಿತ್ತು. ಧರೆಗೆ ಪ್ರತಿ ಸಂಜೆ ಒದ್ದೆ ಮಣ್ಣು ಸವರುತ್ತಿದ್ದೆ, ಚೀಲ ತಪ್ಪಿದ ಗುಂಡು ಧರೆಗೆ ಹೊಕ್ಕರೆ ತೂತು ಕಾಣಲಿ ಎಂದು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹೊಟ್ಟನ್ನು ಜರಡಿ ಹಿಡಿದು ಸೀಸದ ಗುಂಡುಗಳನ್ನು ಎಣಿಸುತ್ತಿದ್ದೆ. ಹಿಂದಿನ ದಿನ ಹಾರಿಸಿದಷ್ಟು ಸಿಕ್ಕಬೇಕು. ಹದಿನೆಂಟು ದಿನ ಸಿಕ್ಕಿತು.

ಗೋಡೆಗೆ ಐದು ನಿಯಮ ಬರೆದು ಅಂಟಿಸಿದೆ. ನಳಿಗೆ ಯಾವಾಗಲೂ ಧರೆಯ ಕಡೆಗೆ ಇರಬೇಕು. ಹಾರಿಸುವವರ ಮುಂದೆ ಯಾರೂ ಇರಬಾರದು. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ, ಹಾಗೆ ಬಗ್ಗಿಸಿ ಗುಂಡು ಹಾಕುವಾಗ ನಳಿಗೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಈ ಮೂರನೆಯದನ್ನು ಬರೆದದ್ದು ಸಾಹೇಬರ ಹೆಬ್ಬೆರಳು ಸಿಕ್ಕಿಕೊಂಡ ಮರುದಿನ. ಸ್ಪ್ರಿಂಗ್ ಎಳೆದಿಟ್ಟ ಕೋವಿಯನ್ನು ಕೆಳಗಿಟ್ಟು ಹೋಗಬಾರದು ಎಂಬುದು ನಾಲ್ಕನೆಯದು. ಐದನೆಯದು, ನಳಿಗೆಗೆ ಬಾಯಿ ಇಡಬಾರದು. ಇಟ್ಟರೆ ಅಂಗಡಿಯವರು ಕೋವಿ ವಾಪಸು ತೆಗೆದುಕೊಳ್ಳುತ್ತಾರೆ.

ಐದನೆಯದು ಬೇರೆ ಊರಿನವರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಕಡೆ ಮನೆಮನೆಯಲ್ಲಿ ಇರುವುದು ಕೇಪಿನ ಕೋವಿ, ಬಾಯಿಂದ ಮದ್ದು ತುಂಬುವಂಥದು. ತುಂಬಿದೆಯೋ ಇಲ್ಲವೋ ನೋಡಬೇಕಾದರೆ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಎತ್ತಿಟ್ಟು, ನಳಿಗೆಗೆ ಬಾಯಿ ಹಚ್ಚಿ ಊದುತ್ತಾರೆ. ಹಿಂದುಗಡೆಯ ಸಣ್ಣ ತೂತಿನಿಂದ ಗಾಳಿ ಹೊರಟರೆ ಖಾಲಿ, ಹೊರಡದಿದ್ದರೆ ತುಂಬಿದೆ. ಯಾರ ಕೈಗೆ ಕೋವಿ ಕೊಟ್ಟರೂ ಮೊದಲು ಊದುವುದೇ ಮರ್ಯಾದೆ. ಗಾಳಿಕೋವಿಯ ಹಿಂದೆ ಅಂಥ ತೂತಿಲ್ಲ. ಖಾಲಿ ಇದ್ದರೂ ಊದಿದ ಗಾಳಿ ಹೊರಡುವುದಿಲ್ಲ. ನಮ್ಮವರು ಅದನ್ನೂ ಸ್ಪ್ರಿಂಗ್ ಎಳೆದಿಟ್ಟೇ ಊದುತ್ತಿದ್ದರು, ಕುದುರೆ ಎತ್ತಿಡುವ ಅಭ್ಯಾಸದಿಂದ. ಮೊದಲ ಹದಿನೆಂಟು ದಿನಗಳಲ್ಲಿ ಗಿರಾಕಿಗಳು ಮೂವತ್ತೊಂದು. ನಳಿಗೆಗೆ ಬಾಯಿ ಇಟ್ಟವರು ಇಪ್ಪತ್ತಾರು. ಉಳಿದ ಐವರಲ್ಲಿ ಇಬ್ಬರು ಎಸ್ಟೇಟಿನ ಬಿಳಿ ದೊರೆಗಳು, ಒಬ್ಬರಿಗೆ ಹಲ್ಲುನೋವು.

ಹತ್ತೊಂಬತ್ತನೆಯ ದಿನ, ಗುರುವಾರ, ಜಾವಳಿಯಿಂದ ಒಬ್ಬ ವಯಸ್ಸಾದ ಗೌಡರು ಬಂದರು. ಅವರ ಕಾಫಿ ತೋಟದ ಮಧ್ಯೆ ಕಿತ್ತಳೆ ಮರಗಳಿದ್ದವು, ಕಿತ್ತಳೆಗೆ ಮಂಗಗಳಿದ್ದವು.

“ಕೊಲ್ಲೋದು ಬ್ಯಾಡ,” ಎಂದರು. “ಮಂಗನ್ನ ಕೊಂದು ಪಾಪ ಕಟ್ಕೊಳ್ಳೋ ವಯಸ್ಸಲ್ಲ ನಂದು. ಕುಂಡೆಗೊಂದು ಬಿದ್ದು ಬುದ್ಧಿ ಬಂದ್ರೆ ಸಾಕು.”

“ಬುದ್ಧಿಗೆ ಇದಕ್ಕಿಂತ ಒಳ್ಳೇದಿಲ್ಲ ಗೌಡ್ರೇ,” ಎಂದು ಸಾಹೇಬರು ಮೂರನೇ ನಂಬರಿನ ಕೋವಿ ತೆಗೆದು ತಾವೇ ಒಂದು ಗುಂಡು ಹಾರಿಸಿ ತೋರಿಸಿದರು. ಅದು ಆ ದಿನದ ಇಪ್ಪತ್ತಮೂರನೆಯದು, ಕೊನೆಯದು. ಮುಚ್ಚಳ ಅಲುಗಲಿಲ್ಲ. “ಸದ್ದು ಮೆತ್ತಗೆ. ತಗಲಲಿಲ್ಲ,” ಎಂದು ಬರೆದುಕೊಂಡೆ.

ಗೌಡರು ಕೋವಿ ಇಸಿದುಕೊಂಡು, ಸ್ಪ್ರಿಂಗ್ ಎಳೆದು, ನಾನು ಎದ್ದು ಬರುವಷ್ಟರಲ್ಲಿ ನಳಿಗೆಗೆ ಬಾಯಿ ಇಟ್ಟು ಊದಿಬಿಟ್ಟರು. ನಾನು ಐದನೆಯ ನಿಯಮದ ಪ್ರಕಾರ ಕೋವಿ ವಾಪಸು ತೆಗೆದುಕೊಂಡೆ.

“ಇದ್ರಲ್ಲಿ ಗುಂಡಿದೆ,” ಎಂದರು ಗೌಡರು.

“ಇದು ನಿಮ್ಮ ಕೇಪಿನ ಕೋವಿ ಅಲ್ಲ ಗೌಡ್ರೇ, ಖಾಲಿ ಇದ್ರೂ ಹಂಗೇ,” ಎಂದು ಸಾಹೇಬರು ನಕ್ಕರು. ನಳಿಗೆ ಬಗ್ಗಿಸಿ ಗುಂಡು ಹಾಕುವ ಬಾಯಿ ತೋರಿಸಿದರು. “ನೋಡಿ. ಏನಿದೆ?”

“ಅಲ್ಲಿ ಇಲ್ಲ.”

“ಮತ್ತೆ?”

“ಅಲ್ಲಿ ಇಲ್ಲ ಅಂದೆ. ಕೋವಿಯಲ್ಲಿ ಇಲ್ಲ ಅನ್ಲಿಲ್ಲ.”

“ಐವತ್ತು ವರ್ಷದಿಂದ ಊದಿ ಊದಿ ನಿಮ್ಮ ತುಟಿಗೇ ಅನುಮಾನದ ರೋಗ ಗೌಡ್ರೇ.”

“ಐವತ್ತು ವರ್ಷದಿಂದ ತುಟಿ ಇದೆಯಲ್ಲ ಮಾರಾಯ್ರೇ, ಅದೇ ಸಾಕ್ಷಿ.”

ಆದರೂ ಅವರು ಕೋವಿ ಕೊಂಡುಕೊಂಡರು. ಸಾಹೇಬರು ನಳಿಗೆ ಹಿಡಿದು ಸ್ಪ್ರಿಂಗನ್ನು ಮೆಲ್ಲಗೆ ಇಳಿಸಿ, ಕಾಗದ ಸುತ್ತಿ ಕೊಟ್ಟರು. ನಾಳೆ ಹತ್ತು ಗಂಟೆಗೆ ಮಂಗ ಬರುವ ಹೊತ್ತಿಗೆ ಶುರು ಮಾಡುತ್ತೇನೆಂದು ಹೇಳಿ ಗೌಡರು ಸಂಜೆಯ ಬಸ್ಸು ಹತ್ತಿದರು.

ಶುಕ್ರವಾರ ಬೆಳಿಗ್ಗೆ ಹೊಟ್ಟು ಜರಡಿ ಹಿಡಿದಾಗ ಇಪ್ಪತ್ತೆರಡು ಗುಂಡು ಸಿಕ್ಕಿದವು. ಎರಡನೆಯ ಸಲ ಜರಡಿ ಹಿಡಿದೆ. ಮೂರನೆಯ ಸಲವೂ ಇಪ್ಪತ್ತೆರಡೇ. ಧರೆಗೆ ಸವರಿದ ಮಣ್ಣಿನಲ್ಲಿ ಒಂದೂ ತೂತಿರಲಿಲ್ಲ. ಚೀಲದ ಬುಡದ ಹುಲ್ಲನ್ನು ಕೈಯಲ್ಲಿ ಬಾಚಿ ನೋಡಿದೆ. ಸಾಹೇಬರು ಸಾಸರಿಗೆ ಚಾ ಬಗ್ಗಿಸಿಕೊಂಡು ಕುಳಿತಿದ್ದರು.

“ಒಂದು ಕಮ್ಮಿ ಬಂತು ಸಾಹೇಬ್ರೇ.”

“ಇಲಿ ತಿಂದಿರ್ಬೇಕು.”

“ಸೀಸವ?”

“ನಮ್ಮಂಗಡಿ ಇಲಿ ಬೀಗವನ್ನೂ ತಿಂತದೆ. ಬರಿ ಇಪ್ಪತ್ಮೂರು ಅಂತ.”

ನಾನು ರಿಜಿಸ್ಟರು ತೆರೆದು ಅವರ ಮುಂದೆ ಇಟ್ಟೆ. ಇಪ್ಪತ್ತಮೂರನೆಯದು, ಮೂರನೇ ನಂಬರಿನ ಕೋವಿ, ಸದ್ದು ಮೆತ್ತಗೆ, ತಗಲಲಿಲ್ಲ. ಆ ಗುಂಡು ನಳಿಗೆಯಿಂದ ಹೊರಗೆ ಬಂದೇ ಇಲ್ಲ, ನಡುವೆ ಎಲ್ಲೋ ಸಿಕ್ಕಿಕೊಂಡಿದೆ ಎಂದು ಹೇಳಿದೆ. ಗುಂಡು ಹಾಕುವ ಬಾಯಲ್ಲಿ ಅದು ಕಾಣುವುದಿಲ್ಲ. ನಿನ್ನೆ ನಾವು ನಳಿಗೆಯೊಳಗೆ ಬೆಳಕು ಹಾಯುತ್ತದೋ ಎಂದು ನೋಡಲಿಲ್ಲ. ಗೌಡರು ಇವತ್ತು ಹತ್ತು ಗಂಟೆಗೆ ಸ್ಪ್ರಿಂಗ್ ಎಳೆದು, ಮೊದಲು ಅದೇ ನಳಿಗೆಗೆ ಬಾಯಿ ಇಡುತ್ತಾರೆ. ಆಗ ಬೆರಳು ಟ್ರಿಗರಿಗೆ ತಾಗಿದರೆ ಮುಗಿಯಿತು.

ಸಾಹೇಬರು ಸಾಸರನ್ನು ಕೆಳಗಿಟ್ಟರು. ಒಳಗಿನ ಬೀರುವಿನ ಕಡೆ ಒಮ್ಮೆ ನೋಡಿದರು.

“ಜಾವಳಿ ಮೇಲೆ ಹೋಗೋ ಕಳಸದ ಬಸ್ಸು ಎಷ್ಟೊತ್ತಿಗೆ?”

“ಎಂಟಕ್ಕೆ. ಈಗ ಎಂಟಕ್ಕೆ ಆರು ನಿಮಿಷ.”

“ಮತ್ತೆ ನಿಂತು ನಂಗೆ ಟೈಮ್ ಹೇಳ್ತೀಯಲ್ಲ ಮಾರಾಯ, ಓಡು!”

ಮುರಿದ ಕೊಡೆಯ ಒಂದು ಕಡ್ಡಿ, ಹೊಲಿಗೆ ಯಂತ್ರದ ಎಣ್ಣೆಯ ಸೀಸೆ, ರಿಜಿಸ್ಟರು, ಇಷ್ಟನ್ನು ತೆಗೆದುಕೊಂಡು ಓಡಿದೆ. ಬಸ್ಸು ಎಂಟೂ ಹನ್ನೊಂದಕ್ಕೆ ಹೊರಟಿತು. ದಾರಿಯಲ್ಲಿ ಎರಡು ಸಲ ಇಂಜಿನ್ನಿಗೆ ನೀರು ಹಾಕಿಸಿದರು, ಒಂದು ಸಲ ಡ್ರೈವರು ಯಾರದೋ ಮನೆಗೆ ಔಷಧಿ ಕೊಟ್ಟು ಬಂದ. ನನ್ನನ್ನು ಇಳಿಸಿದಾಗ ಒಂಬತ್ತೂ ಐವತ್ತೆರಡು. ಗೌಡರ ಮನೆ ಮುಟ್ಟುವಾಗ ಹತ್ತು ಕಳೆದು ಎಂಟು ನಿಮಿಷವಾಗಿತ್ತು. ಅಂಗಳದಲ್ಲಿ ಅವರ ಹೆಂಡತಿ ಮೆಣಸು ಹರಡುತ್ತಿದ್ದರು.

“ಗೌಡ್ರು ಎಲ್ಲಿ ಅಮ್ಮಾ?”

“ತೋಟಕ್ಕೆ ಹೋದ್ರು. ಆ ಹೊಸ ಕೋವಿ ಹಿಡ್ಕೊಂಡು. ಎಂತ, ಹಿಂಗೆ ಬೆವರಿದೀಯ?”

ತೋಟಕ್ಕೆ ಓಡಿದೆ. ಕಿತ್ತಳೆ ಮರಗಳ ಕೆಳಗೆ ಗೌಡರು ಒಂದು ಬಂಡೆಯ ಮೇಲೆ ಕುಳಿತಿದ್ದರು. ತುಟಿ, ಹಲ್ಲು, ಎರಡು ಕಣ್ಣು, ಎಲ್ಲ ಇದ್ದವು. ಕೋವಿಯನ್ನು ತಮ್ಮಿಂದ ಐದು ಹೆಜ್ಜೆ ದೂರದಲ್ಲಿ, ನಳಿಗೆ ದಿಬ್ಬದ ಕಡೆಗೆ ಮಾಡಿ, ಎರಡು ಕಲ್ಲುಗಳ ನಡುವೆ ಇಟ್ಟಿದ್ದರು. ಮರದ ಮೇಲೆ ಒಂಬತ್ತು ಮಂಗಗಳು ಹಣ್ಣು ತಿನ್ನುತ್ತಿದ್ದವು.

“ಬಂದ್ಯಾ,” ಎಂದರು ಗೌಡರು.

“ಊದಿದಿರಾ?”

“ಊದದೆ ಕೋವಿ ಮುಟ್ತಾರಾ? ಗುಂಡಿದೆ. ನಿನ್ನೆ ಇದ್ದಿದ್ದು ಇವತ್ತೂ ಇದೆ.”

“ಎಷ್ಟು ಸಲ ಊದಿದಿರಿ?”

“ಲೆಕ್ಕ ಇಡೋದು ನಿನ್ನ ಕೆಲಸ.”

“ಮತ್ತೆ ಯಾಕೆ ಹಾರಿಸಲಿಲ್ಲ?”

ಗೌಡರು ನನ್ನನ್ನು ಸಣ್ಣವನಂತೆ ನೋಡಿದರು. ಕೋವಿ ಇಟ್ಟುಕೊಂಡ ಮನೆಗಳಲ್ಲಿ ಒಂದು ಕ್ರಮವಿದೆ ಎಂದು ವಿವರಿಸಿದರು. ಉಸಿರು ಹಾಯದ ಕೋವಿಯನ್ನು ಬೇರೆಯವರು ಹಾರಿಸುವಂತಿಲ್ಲ. ಯಾರು ತುಂಬಿದರೋ ಅವರನ್ನೇ ಕರೆಸಿ ಖಾಲಿ ಮಾಡಿಸಬೇಕು, ಎಷ್ಟು ಮದ್ದು ಹಾಕಿದ್ದಾರೆಂದು ಗೊತ್ತಿರುವುದು ಅವರಿಗೆ ಮಾತ್ರ. ಈ ಕೋವಿ ತುಂಬಿದ್ದು ಅಂಗಡಿಯವರು. ಅಂಗಡಿಯವರೇ ಬರಬೇಕು.

“ನೀವು ಹೇಳಿ ಕಳಿಸಲೇ ಇಲ್ಲ,” ಎಂದೆ.

“ಎಂತಕ್ಕೆ ಹೇಳಿ ಕಳಿಸ್ಬೇಕು? ಅಲ್ಲಿ ನೀನು ಒಂದೊಂದೇ ಗುಂಡು ಬರ್ಕೊಳ್ಳೋದು ನೋಡಿದ್ದೆ. ಒಂದು ಕಮ್ಮಿ ಬಂದ್ರೆ ನಿಂಗೆ ಅನ್ನ ಸೇರಲ್ಲ ಅಂತ ಗೊತ್ತಾಯ್ತು. ಕೂತೆ.”

ಕೋವಿಯ ಸ್ಪ್ರಿಂಗ್ ಎಳೆದೇ ಇತ್ತು. ನಳಿಗೆಯನ್ನು ಬಗ್ಗಿಸಿ, ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿದು, ಕೊಡೆಕಡ್ಡಿಯನ್ನು ತುದಿಯಿಂದ ತೂರಿಸಿದೆ. ಅರ್ಧದಲ್ಲಿ ತಡೆಯಿತು. ಒತ್ತಿದಾಗ ಗುಂಡು ಜಾರಿ ನನ್ನ ಅಂಗೈಗೆ ಬಿತ್ತು. ರಿಜಿಸ್ಟರು ತೆರೆದು ಹಿಂದಿನ ದಿನದ ಸಾಲಿನಲ್ಲಿ ಇಪ್ಪತ್ತಮೂರು ಎಂದು ಬರೆದು, ಪಕ್ಕದಲ್ಲಿ “ಜಾವಳಿಯಲ್ಲಿ ಸಿಕ್ಕಿತು” ಎಂದು ಸೇರಿಸಿದೆ. ಒಳಗಿನ ತೊಗಲಿನ ವಾಷರು ಒಣಗಿ ಗಾಳಿ ಸೋರಿದ್ದು ಕಾರಣ. ಎಣ್ಣೆ ಹಾಕಬೇಕೆಂದು ಮಾಲಿನ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ಆ ಕಾಗದವನ್ನು ಸಾಹೇಬರು ಸಿಕ್ಕಿಕೊಂಡ ಹೆಬ್ಬೆರಳಿನ ಪಟ್ಟಿಯ ಕೆಳಗೆ ಸುತ್ತಿಕೊಂಡಿದ್ದರು.

ಎಣ್ಣೆ ಹಾಕಿ, ನಳಿಗೆ ಮುಚ್ಚಿ ಕೊಟ್ಟೆ. ಗೌಡರು ಒಡನೆ ಬಾಯಿ ಇಟ್ಟರು.

“ಮತ್ತೆ ತುಂಬಿದ್ಯಲ್ಲ ಮಾರಾಯ!”

ಇದರ ಮೇಲೆ ಅರ್ಧ ಗಂಟೆ ಮಾತು ನಡೆಯಿತು. ನಿಯಮ ಐದನ್ನು ಮೂರು ಸಲ ಹೇಳಿದೆ. ಊದದೆ ಕೋವಿ ಹಿಡಿಯುವುದು ತಮ್ಮಿಂದಾಗದು ಎಂದು ಅವರೂ ಮೂರು ಸಲ ಹೇಳಿದರು. ಕೊನೆಗೆ ಅವರೇ ನಳಿಗೆ ಬಗ್ಗಿಸಿ, ಗುಂಡು ಹಾಕುವ ಬಾಯಿಗೆ ತುಟಿ ಹಚ್ಚಿ ಊದಿದರು. ಗಾಳಿ ತುದಿಯಿಂದ ಹೊರಟು ಎದುರಿನ ಒಣಗಿದೆಲೆ ಅಲುಗಿತು.

“ಇದು ಆಗ್ತದೆ,” ಎಂದರು. “ಹಿಂದಿಂದ ಊದಿದ್ರೆ ಸತ್ಯ ಹೇಳ್ತದೆ.”

ಗಾಳಿಕೋವಿಗೆ ಅದಕ್ಕಿಂತ ಸರಿಯಾದ ಪರೀಕ್ಷೆ ನನಗೂ ತೋಚಲಿಲ್ಲ. ಬಾಯಿ ಇಟ್ಟ ಕಡೆಗೆ ಗುಂಡು ಬರುವ ದಾರಿಯೇ ಇಲ್ಲ. ಆಮೇಲೆ ಗೌಡರು ಮಂಗಗಳ ಕಡೆಗೆ ಒಂದು ಗುಂಡು ಹಾರಿಸಿದರು. ಹಾರಿಸಿದ್ದು ಒಂದು, ತಗಲಿದ್ದು ಸೊನ್ನೆ, ಓಡಿದ ಮಂಗ ಸೊನ್ನೆ. ಒಂದು ಮಂಗ ಸಿಪ್ಪೆಯನ್ನು ನಮ್ಮ ಕಡೆಗೆ ಹಾಕಿತು.

ಮೂಡಿಗೆರೆಗೆ ಮರಳಿ ಗೋಡೆಯ ಕಾಗದದಲ್ಲಿ ಆರನೆಯ ನಿಯಮ ಸೇರಿಸಿದೆ: ಊದಲೇಬೇಕಾದವರು ನಳಿಗೆ ಬಗ್ಗಿಸಿ ಹಿಂದಿನಿಂದ ಊದಬೇಕು. ಜಾವಳಿಯ ಟಿಪ್ಪಣಿ ಇರುವ ಪುಟವನ್ನು ಹರಿದುಬಿಡು ಎಂದು ಸಾಹೇಬರು ಎರಡು ದಿನ ಹೇಳಿದರು. ಪುಟಗಳಿಗೆ ನಂಬರು ಹಾಕಿದ್ದೇನೆ ಎಂದೆ. ಮೂರನೆಯ ದಿನ ಹೇಳುವುದನ್ನು ಬಿಟ್ಟರು, ಆದರೆ ಬೀರುವಿನ ಮೇಲೆ ಹತ್ತಿಪ್ಪತ್ತು ಕೊಡೆ ಹೆಚ್ಚಿಗೆ ತರಿಸಿಟ್ಟರು.

ಡಿಸೆಂಬರಿನಲ್ಲಿ ಅಮಲ್ದಾರರು ಬಂದರು. ರಿಜಿಸ್ಟರನ್ನು ಮೊದಲಿನಿಂದ ಓದಿದರು. ಜಾವಳಿಯ ಪುಟದಲ್ಲಿ ಬಹಳ ಹೊತ್ತು ನಿಂತರು. ಸಾಹೇಬರು ಒಂದು ಕೊಡೆಯನ್ನು ಬಿಚ್ಚಿ ಮುಚ್ಚುತ್ತಿದ್ದರು. ಅಮಲ್ದಾರರು ಪುಸ್ತಕ ಕೆಳಗಿಟ್ಟು, “ಎಲ್ಲಿ, ಆ ಕೋವಿ ಒಂದನ್ನು ಕೊಡಿ ನೋಡೋಣ,” ಎಂದು ಐದನೇ ನಂಬರಿನದನ್ನು ತೆಗೆದುಕೊಂಡರು. ಸ್ಪ್ರಿಂಗ್ ಎಳೆದರು. ಅವರ ತಂದೆಯ ಮನೆ ಕೊಪ್ಪದ ಕಡೆ, ಅಲ್ಲೂ ಮನೆಮನೆಯಲ್ಲಿ ಕೇಪಿನ ಕೋವಿ, ಎಂದು ನನಗೆ ತಿಳಿದದ್ದು ಆಮೇಲೆ. ಅವರು ನಳಿಗೆಯ ತುದಿಗೆ ಬಾಯಿ ಇಟ್ಟರು.

ಸಾಹೇಬರು ಕಣ್ಣು ಮುಚ್ಚಿಕೊಂಡರು. ನಾನು ಐದನೆಯ ನಿಯಮದ ಪ್ರಕಾರ ಅಮಲ್ದಾರರ ಕೈಯಿಂದ ಕೋವಿ ವಾಪಸು ತೆಗೆದುಕೊಂಡು, ಆರನೆಯ ನಿಯಮದ ಪ್ರಕಾರ ನಳಿಗೆ ಬಗ್ಗಿಸಿ ಹಿಂದಿರುಗಿಸಿದೆ. ಅವರು ಗೋಡೆಯ ಕಾಗದ ನೋಡಿದರು, ನನ್ನನ್ನು ನೋಡಿದರು, ಹಿಂದಿನಿಂದ ಊದಿದರು, ಕೋವಿ ಕೊಟ್ಟು ಹೋದರು. ಆ ದಿನ ಊದಿದವರು ನಾಲ್ಕು, ಅದರಲ್ಲಿ ಮುಂದಿನಿಂದ ಒಬ್ಬರು ಎಂದು ಬರೆದೆ. ಹುದ್ದೆ ಬರೆಯಲಿಲ್ಲ.

ಲೈಸೆನ್ಸ್ ಜನವರಿಯ ಮೊದಲ ವಾರದಲ್ಲಿ ಬಂತು. ಅದರ ಜೊತೆ ಅಮಲ್ದಾರರ ರಿಪೋರ್ಟಿನ ನಕಲೂ ಇತ್ತು. ಎರಡೇ ಸಾಲು: “ಅಂಗಡಿಯ ಗುಮಾಸ್ತನು ಮುಖ ನೋಡಿ ಮಣೆ ಹಾಕುವವನಲ್ಲ. ನವೀಕರಿಸಲು ಅಡ್ಡಿಯಿಲ್ಲ.”